ದಾಹದ ಪಾಳಿ

ನೇಕಾರ ಓಣಿಯಲ್ಲಿ ಯಾರಾದರೂ ಕುಡಿತಕ್ಕೆ ಬಿದ್ದರೆ, ಅವರ ದಾಹವನ್ನು ಮನೆಯವರೂ ನೆರೆಹೊರೆಯವರೂ ದಿನಕ್ಕೊಬ್ಬರಂತೆ ಹೊರುತ್ತಿದ್ದರು. ಅಂಗೈಗೆ ಅಂಗೈ ಒತ್ತಿದರೆ ಸಾಕು, ದಾಹ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಬಿಡುತ್ತಿತ್ತು. ಒಬ್ಬರೇ ಎರಡು ದಿನ ಇಟ್ಟುಕೊಂಡರೆ ಮಾತ್ರ ಅಲ್ಲೇ ಬೇರು ಬಿಡುತ್ತಿತ್ತು. ಹಾಗಾಗದಂತೆ ಪಾಳಿ ಹೊಂದಿಸುವ ಕೆಲಸ ಗುರವ್ವನದು.

ಈರಪ್ಪನ ದಾಹ ಹೊರಲು ನಿನ್ನೆ ಯಾರೂ ಸಿಕ್ಕಿರಲಿಲ್ಲ. ಒಬ್ಬರ ಮನೆಗೆ ಬೀಗರು ಬಂದಿದ್ದರು, ಇನ್ನೊಬ್ಬರಿಗೆ ದಿಢೀರನೆ ಸೊಂಟ ಹಿಡಿದಿತ್ತು. ಕೊನೆಗೆ ಗುರವ್ವನೇ ಕೈಯೊಡ್ಡಿದಳು. ಬಾಯಿ ಒಣಗಿ, ಮೈಯೆಲ್ಲ ನಡುಗುತ್ತಿದ್ದರೂ ಸಾರಾಯಿ ಅಂಗಡಿಯ ದಾರಿ ಬಿಟ್ಟು, ದಿನವಿಡೀ ಕೆರೆಯ ಕಡೆಯಿಂದ ಸುತ್ತು ಹಾಕಿಕೊಂಡು ಓಡಾಡಿದಳು. ಅತ್ತ ಈರಪ್ಪನ ಮಗ್ಗ ಸಂಜೆಯವರೆಗೂ ಸದ್ದು ಮಾಡುತ್ತಲೇ ಇತ್ತು.

ಬೆಳಿಗ್ಗೆ ಈರಪ್ಪನ ಹೆಂಡತಿ ಶಾಂತವ್ವ ಬಾಗಿಲಿಗೆ ಬಂದು ಅಂಗೈ ಚಾಚಿದಳು.

"ಇವತ್ತ ನನ್ನ ಪಾಳಿ ಅಲ್ರೀ ಅಕ್ಕಾರ? ಕೊಡ್ರಿ."

ನೂಲಿನ ಬಣ್ಣ ಹತ್ತಿದ ಆ ಕೈಯನ್ನು ನೋಡಿ ಗುರವ್ವ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನೀ ಭಾಳ ದಣದೀ, ಯವ್ವಾ. ಇವತ್ತೊಂದಿನ ನನ್ನ ಹಂತ್ಯಾಕ ಇರ್ಲಿ."

"ಎರಡ ದಿನ ಆಗ್ತದಲ್ರೀ! ಬ್ಯಾಡಂತ ನೀವ ಎಲ್ಲಾರಿಗೂ ಹೇಳ್ತೀರಿ."

"ನನಗೇನ ಆಗೂದಿಲ್ಲ, ಹೋಗು."

ಶಾಂತವ್ವ ಕಣ್ಣೊರೆಸಿಕೊಂಡು, ದೇವರಿಗೆ ಮುಗಿಯುವಂತೆ ಕೈಮುಗಿದು ಹೋದಳು. ಅವಳು ಓಣಿಯ ತಿರುವು ದಾಟುವವರೆಗೂ ಗುರವ್ವ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ತಲೆತುಂಬ ಸೆರಗು ಹೊದ್ದು, ನಿನ್ನೆ ಬಿಟ್ಟ ದಾರಿಯನ್ನೇ ಹಿಡಿದಳು.