ದೀಪ ಹಚ್ಚುವ ಮುಂಚೆ

ಹೊಲದ ವಿಷವನ್ನು ತಿಂದು ಮಣ್ಣನ್ನು ಹಸನು ಮಾಡುವ ಸೂಕ್ಷ್ಮಜೀವಿಗಳನ್ನು ಊರಿನವರು ಹೆಪ್ಪು ಎಂದೇ ಕರೆಯುತ್ತಿದ್ದರು. ಸಾತವ್ವನ ಅಡುಗೆಮನೆಯಲ್ಲೂ ಮೊಸರಿನ ಗಡಿಗೆಯ ಪಕ್ಕ ಅದರದೊಂದು ಗಡಿಗೆಯಿತ್ತು. ನೆರೆಮನೆಯ ಹುಸೇನಬಿಗೆ ಅದರಿಂದ ಒಂದು ಲೋಟ ಕೊಟ್ಟಳೆಂದು, ಅದನ್ನು ಮಾರುವ ಕಂಪನಿಯವನು ಮನೆಗೇ ನೋಟಿಸು ತಂದಿದ್ದ.

“ಹೆಪ್ಪು ಕಂಪನೀದೈತ್ರಿ ಅವ್ವಾರ. ಒಬ್ಬರಿಗೊಬ್ಬರು ಕೊಡೂಹಂಗಿಲ್ಲ.”

ಸಾತವ್ವನಿಗೆ ಮೈಯೆಲ್ಲ ಉರಿಯಿತು. ಹತ್ತಿಗೆ ಹೊಡೆಯಲು ಆ ವಿಷ ಮಾರಿದ್ದೂ ಇದೇ ಕಂಪನಿ.

“ನಿಮ್ಮ ವಿಷ ನನ್ನ ಹೊಲದಿಂದ ಹುಸೇನಬೀ ಬಾವಿಗೆ ಹರದು ಹೋತಲ್ಲ, ಅವಾಗ ಎಲ್ಲಿತ್ತಪಾ ಈ ನೋಟಿಸು? ಹೆಪ್ಪಿಗೆ ನಮ್ಮಲ್ಲಿ ಇರೂದು ಒಂದೇ ಕಾಯ್ದೆ. ದೀಪ ಹಚ್ಚಿದ ಮ್ಯಾಲೆ ಕೊಡಬಾರದು!”

ಅವಳು ಬಾಗಿಲಿಗೆ ಬಂದು ನೋಡಿದಳು. ಹೊತ್ತು ಇನ್ನೂ ಮುಳುಗಿರಲಿಲ್ಲ.

“ಹುಸೇನಬೀ, ಓಣ್ಯಾಗಿನವರನ್ನೆಲ್ಲ ಕರಿ! ಲಗೂನ ಚರಗಿ ತಗೊಂಡು ಬರ್ರಿ!”