ಇಪ್ಪತ್ತನೆಯ ಹೆಬ್ಬೆಟ್ಟು

ಸಾಲಿನ ಕೊನೆಯಲ್ಲಿದ್ದ ಅಜ್ಜಿ ಪೆನ್ನು ಕಸಿದುಕೊಂಡು, ಅದರ ಮುಂದೆ ಕುಲಪತಿಗಳ ಸಹಿಯೂ ಕೋಳಿ ಕೆದರಿದಂತೆ ಕಾಣಬೇಕು, ಅಷ್ಟು ಚಂದದ ಸಹಿ ಹಾಕಿಬಿಟ್ಟಳು. ವಿಶ್ವವಿದ್ಯಾಲಯದ ವಿಸ್ತರಣಾ ಅಧಿಕಾರಿ ಕಣ್ಣು ಕಣ್ಣು ಬಿಟ್ಟ. ಪ್ರತಿ ವರ್ಷ ಓದುಬರಹ ಬಾರದವರ ಇಪ್ಪತ್ತು ಹೆಬ್ಬೆಟ್ಟು ಸಿಕ್ಕರಷ್ಟೇ ಈ ಓಣಿಗೆ ಅಕ್ಷರ ತರಗತಿ, ಅವನಿಗೆ ನೌಕರಿ. ಮೂರು ವರ್ಷದಿಂದ ಇದೇ ಇಪ್ಪತ್ತು ಜನಕ್ಕೆ ಕಲಿಸಿ ಕಲಿಸಿ ಅವನ ನಾಲಗೆ ಅರ್ಧ ಸವೆದಿತ್ತು. ಒಬ್ಬರ ತಲೆಗೂ ಒಂದಕ್ಷರ ಹತ್ತಿದಂತೆ ಕಂಡಿರಲಿಲ್ಲ.

"ಅಜ್ಜಿ, ಇದನ್ನ ಯಾರು ಕಲಿಸಿದ್ರು?"

"ನೀನೇ ಕಣಪ್ಪ, ಮೊದಲನೇ ವರ್ಷವೇ."

ಪಕ್ಕದ ಹೆಂಗಸು ಮೊಣಕೈಯಿಂದ ತಿವಿದಳು. "ನಮಗೆಲ್ಲ ಬರುತ್ತೆ ಅಂತ ಗೊತ್ತಾದ್ರೆ ಮೇಷ್ಟ್ರ ಕೆಲಸ ಹೋಗುತ್ತೆ ಅಂತ ಎಷ್ಟು ಸಲ ಹೇಳಿದ್ದೆ?"

"ಅಯ್ಯೋ, ಮರೆತೆ. ಇನ್ನೊಂದು ಹಾಳೆ ಕೊಡಪ್ಪ, ಒತ್ತಿಬಿಡ್ತೀನಿ."

ಅಧಿಕಾರಿ ಹೊಸ ಹಾಳೆ ತೆಗೆದ, ಒಳಗಿಟ್ಟ, ಮತ್ತೆ ತೆಗೆದ. ಅಜ್ಜಿ ಹೆಬ್ಬೆಟ್ಟಿಗೆ ಶಾಯಿ ಬಳಿದುಕೊಂಡು ಕಾಯುತ್ತಿದ್ದಳು.