ಅವರ ಜೊತೆ ಬರುವವಳು

ಗಂಡ ಈ ಸಿನಿಮಾವನ್ನು ಮೊದಲೇ ನೋಡಿದ್ದಾನೆ. ಅದೂ ಒಬ್ಬನೇ ಅಲ್ಲ. ಪರದೆಯ ಮೇಲೆ ಮೊದಲ ಸ್ಫೋಟವಾಗುವುದಕ್ಕೆ ಒಂದು ಕ್ಷಣ ಮುಂಚೆಯೇ ಅವನ ಅಂಗೈ ತಾನಾಗಿ ಬಂದು ಟೈಲರಮ್ಮನ ಕಿವಿ ಮುಚ್ಚಿದಾಗ ಅವಳಿಗೆ ಅದು ಖಾತ್ರಿಯಾಯಿತು.

ಅನುಮಾನ ಶುರುವಾದದ್ದು ಟಿಕೆಟ್ ಕಿಟಕಿಯಲ್ಲೇ. ಒಳಗಿದ್ದವನು ಎಷ್ಟು ಬೇಕು ಎಂದು ಕೇಳದೆ ಎರಡು ಹರಿದು ಕೊಟ್ಟ. ಬಾಗಿಲಲ್ಲಿ ಟಾರ್ಚು ಹಿಡಿದಿದ್ದ ಮುದುಕ ಟಿಕೆಟ್ ನೋಡದೆಯೇ ಅವರನ್ನು ಗೋಡೆ ಪಕ್ಕದ ಸೀಟುಗಳಿಗೆ ಕರೆದೊಯ್ದ. ತಿರುಗಿ ಹೋಗುವಾಗ ಗಂಡನ ಕಡೆ ಬಗ್ಗಿ, "ಇವತ್ತೇ ಕೊನೆ, ಸಾರ್. ನಾಳೆಯಿಂದ ಬೇರೆ ಪಿಕ್ಚರ್" ಎಂದ.

ಗಂಡನ ಮುಖ ಇಳಿದುಹೋಯಿತು. ಒಂದು ಸಿನಿಮಾ ಎತ್ತಂಗಡಿಯಾದರೆ ಬಸ್ ಓಡಿಸುವ ಮನುಷ್ಯನಿಗೆ ಇಷ್ಟು ಸಂಕಟವೇ?

ಸಿನಿಮಾ ಎಂದರೆ ಮೂಗು ಮುರಿಯುವ ಆಸಾಮಿ. ಮದುವೆಯಾದ ಹೊಸದರಲ್ಲಿ ಅವಳನ್ನು ಕರೆದುಕೊಂಡು ಹೋದದ್ದೇ ಕೊನೆ. ಇವತ್ತು ಇದ್ದಕ್ಕಿದ್ದಂತೆ, "ಬೇಗ ರೆಡಿಯಾಗು, ಪಿಕ್ಚರಿಗೆ ಹೋಗೋಣ" ಎಂದಿದ್ದ. ಅಂಗಡಿಯಲ್ಲಿ ಗಿರಾಕಿಗಳ ಬಟ್ಟೆ ಹಾಗೇ ಬಿದ್ದಿದೆ ಎಂದರೆ, "ಎಲ್ಲಾ ಕೊಟ್ಟಾಯ್ತು ಕಣೇ" ಎಂದು ಬಾಯಿ ಮುಚ್ಚಿಸಿದ್ದ. ಇವನಿಗೇನು ಗೊತ್ತು ಅಂಗಡಿ ವಿಚಾರ? ಈಗ ಅರ್ಥವಾಯಿತು. ಯಾವಳ ಜೊತೆಗೋ ನೋಡಿಯಾಯಿತು, ಕಟ್ಟಿಕೊಂಡವಳಿಗೂ ಒಂದು ಸಲ ತೋರಿಸಿ ಕಣ್ಣೊರೆಸುವ ಹುನ್ನಾರ!

ಎದ್ದು ಹೋಗಿಬಿಡಬೇಕು ಎಂದುಕೊಂಡಳು. ಆದರೆ ಆ ಹಾಳು ಸಿನಿಮಾ ಬಿಡಬೇಕಲ್ಲ! ದುಡ್ಡನ್ನು ನೀರಿನಂತೆ ಸುರಿದು ತೆಗೆದಿದ್ದರು. ಬೆಳಕು ಹರಿಯದ ಊರು, ಮುಗಿಲು ಮುಟ್ಟುವ ಕಟ್ಟಡಗಳು, ಗೋಡೆ ತುಂಬ ಬಣ್ಣಬಣ್ಣದ ದೀಪದ ಬರಹ. ಅರ್ಧ ಮೈ ಕಬ್ಬಿಣವಾದ ಜನ. ಕಂಪನಿಯೊಂದು ಅವರಿಗೆ ಕಣ್ಣುಗಳನ್ನು ಬಾಡಿಗೆಗೆ ಕೊಟ್ಟು, ಬಾಡಿಗೆ ಕಟ್ಟದವರನ್ನು ಕುರುಡರನ್ನಾಗಿ ಮಾಡುತ್ತಿತ್ತು. ಆ ಕಂಪನಿಯ ಮೇಲೆ ಒಬ್ಬಳು ಹುಡುಗಿ ಬೆಳ್ಳಿ ಬಣ್ಣದ ಜಾಕೆಟ್ ತೊಟ್ಟು ಯುದ್ಧಕ್ಕೆ ಹೊರಟಿದ್ದಳು.

"ತೋಳು ಸರಿಯಾಗಿ ಕೂತೇ ಇಲ್ಲ. ಕೈ ಎತ್ತಿದರೆ ಕಂಕುಳಲ್ಲಿ ಹರಿಯುತ್ತೆ ನೋಡಿ" ಎಂದಳು ಟೈಲರಮ್ಮ. ಸಿಟ್ಟಿನಲ್ಲೂ ಕಸುಬು ಬಿಡಲಿಲ್ಲ.

ಆಗ ಬಂತು ಆ ಹಾರುವ ಬಸ್ಸು. ಹಿಂದೆ ಪೊಲೀಸರು, ಒಳಗೆ ಕಿರುಚುವ ಜನ. ಹುಡುಗಿ ಸ್ಟೇರಿಂಗ್ ತಿರುಗಿಸಿದ್ದೇ ತಡ, ಬಸ್ಸು ಕಟ್ಟಡದ ತುದಿಯಿಂದ ತಲೆಕೆಳಗಾಗಿ ಧುಮುಕಿತು. ಟೈಲರಮ್ಮನಿಗೆ ಅನುಮಾನ, ಸಿಟ್ಟು ಎಲ್ಲ ಮರೆತುಹೋಯಿತು. ಚಪ್ಪಾಳೆ ತಟ್ಟಿ ಗಹಗಹಿಸಿ ನಕ್ಕಳು.

"ರೀ, ನಿಮ್ಮ ಡಿಪೋದಲ್ಲೂ ಇಂಥದ್ದೊಂದು ಕೇಳ್ರೀ!"

ತಿರುಗಿ ನೋಡಿದರೆ ಅವನು ಪರದೆಯನ್ನು ನೋಡುತ್ತಲೇ ಇರಲಿಲ್ಲ. ಅವಳನ್ನೇ ನೋಡುತ್ತಿದ್ದ, ಕಣ್ಣು ತುಂಬಿಕೊಂಡು. ಮರೆತಿದ್ದ ಬೆಂಕಿ ಮತ್ತೆ ಹೊತ್ತಿಕೊಂಡಿತು. ತನ್ನನ್ನು ಆ ಇನ್ನೊಬ್ಬಳ ಜೊತೆ ಹೋಲಿಸಿ ನೋಡುತ್ತಿದ್ದಾನೆ!

"ಯಾರ ಜೊತೆ ನೋಡಿದ್ರಿ ಇದನ್ನ?"

"ಆಮೇಲೆ ಮಾತಾಡೋಣ ಕಣೇ. ನೋಡು."

"ನಾಟಕ ಬೇಡ. ಯಾರವಳು?"

"ದಮ್ಮಯ್ಯ, ಇದೊಂದು ದಿನ ಪೂರ್ತಿ ನೋಡಿಬಿಡು." ಅವನು ಕಣ್ಣೊರೆಸಿಕೊಂಡ. "ನಕ್ಕೆಯಲ್ಲ, ನಂಗಷ್ಟೇ ಸಾಕು."

ಉಳಿದದ್ದನ್ನು ಅವಳು ನೋಡಲಿಲ್ಲ. ಪರದೆಯ ಮೇಲೆ ಊರಿಗೆ ಊರೇ ಉರಿಯುತ್ತಿದ್ದರೆ ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಆ ಹೆಂಗಸು ಯಾರೆಂದು ತಿಳಿಯದೆ ಈ ಮನುಷ್ಯನ ಜೊತೆ ಮನೆಗೆ ಕಾಲಿಡುವುದಿಲ್ಲ. ತಂಗಿಯ ಮನೆಗೆ ಹೋಗುತ್ತೇನೆ. ಒಟ್ಟಿಗೆ ಬಾಳಿದ್ದು ಇಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇನೆ.

ದೀಪ ಹತ್ತಿತು. ಅವಳು ಗಂಡನ ಕೈ ಕೊಡವಿ ಸರಸರನೆ ಹೊರಗೆ ಬಂದಳು. ಬಾಗಿಲ ಬಳಿ ಟಾರ್ಚಿನ ಮುದುಕ ಹಳೆಯ ಪೋಸ್ಟರ್ ಕೀಳುತ್ತಿದ್ದ. ಅವನೆದುರು ನಿಂತುಬಿಟ್ಟಳು.

"ಯಜಮಾನ್ರೇ, ನಿಮಗೆ ಎಲ್ಲಾ ಗೊತ್ತಿದೆ. ಇವರ ಜೊತೆ ಬರೋಳು ಯಾರು? ಮುಚ್ಚಿಡಬೇಡಿ. ನಿಮ್ಮ ಮಗಳು ಅಂದ್ಕೊಂಡು ಹೇಳಿ."

ಮುದುಕ ಗಾಬರಿಯಿಂದ ಅವಳ ಹಿಂದೆ ನೋಡಿದ. ಗಂಡ ಗೋಡೆಗೆ ಒರಗಿ ನಿಂತಿದ್ದ. "ಹೇಳಿಬಿಡಿ" ಎಂದ. "ಸುಳ್ಳು ಹೇಳಿ ಹೇಳಿ ನಂಗೆ ಸಾಕಾಗಿದೆ."

"ದಿನಾ ಮಧ್ಯಾಹ್ನದ ಆಟಕ್ಕೆ ಬರ್ತಾರಮ್ಮ" ಎಂದ ಮುದುಕ ಮೆಲ್ಲಗೆ.

"ದಿನಾನಾ!"

"ಒಳ್ಳೇ ಹೆಂಗಸು. ಬಸ್ಸು ಧುಮುಕೋವಾಗ ಮಗು ಥರ ಚಪ್ಪಾಳೆ ಹೊಡೀತಾರೆ. ಆ ಹುಡುಗಿ ಜಾಕೆಟ್ಟಿನ ತೋಳು ಸರಿಯಿಲ್ಲ ಅಂತ ಬೈಕೋತಾರೆ."

ಓಹೋ, ಅವಳೂ ಟೈಲರೇ! ಇಷ್ಟು ವರ್ಷ ಸೂಜಿ ಹಿಡಿದು ಸಂಸಾರ ತೂಗಿಸಿದವಳು ಇಲ್ಲಿರುವಾಗ ಇನ್ನೊಬ್ಬ ಟೈಲರ್ ಬೇಕಾಯಿತೇ ಇವನಿಗೆ? ಅಳು ಒತ್ತರಿಸಿ ಬಂತು. ನಾಚಿಕೆ ಬಿಟ್ಟು ಅತ್ತಳು. ಹೋಗಿ ಬರುವ ಜನರೆಲ್ಲ ನಿಂತು ನೋಡಿದರು.

"ಆಮೇಲೆ? ಆಟ ಮುಗಿದ ಮೇಲೆ ಇಬ್ರೂ ಎಲ್ಲಿಗೆ ಹೋಗ್ತಾರೆ? ಅದನ್ನೂ ಹೇಳಿ!"

ಮುದುಕನಿಗೆ ಅವಳ ಮುಖ ನೋಡಲಾಗಲಿಲ್ಲ.

"ಮನೆಗೇ ಹೋಗ್ತಾರಮ್ಮ. ಹೋಗೋ ಮುಂಚೆ ಆ ಹೆಂಗಸು ದಿನಾ ಇಲ್ಲೇ, ನನ್ನೆದುರು ಹೀಗೇ ಅಳ್ತಾ ನಿಂತು, ಇವರ ಜೊತೆ ಬರೋಳು ಯಾರು ಅಂತ ಕೇಳ್ತಾರೆ."